ಪದಗಳಿಗೆ ಜಾತಿಯುಂಟೆ?

ಹೊಸಬರನ್ನು ಕಂಡರೆ ಮೊದಲು ಹೆಸರು, ಆಮೇಲೆ ಊರು, ಅದಕ್ಕೂ ಆಮೇಲೆ ಮೆಲ್ಲಗೆ ಕುಲವನ್ನು ವಿಚಾರಿಸುವುದು ನಮ್ಮ ಜನರ ಹಳೆಯ ರೂಢಿ. ಮೂರನೆಯ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲು ಸಂಕೋಚಪಡುವವರು 'ನಿಮ್ಮ ಕಡೆ ಮದುವೆಯಲ್ಲಿ ಏನೇನು ಅಡಿಗೆ ಮಾಡಿಸುತ್ತೀರಿ?' ಎಂದು ಸುತ್ತುದಾರಿಯಿಂದ ಬರುತ್ತಾರೆ. ಮನುಷ್ಯರನ್ನು ಹಿಡಿದ ಈ ಕುತೂಹಲ ಪದಗಳನ್ನೂ ಬಿಟ್ಟಿಲ್ಲ. ಇಂಗ್ಲಿಷ್ ವ್ಯಾಕರಣದ ಪುಸ್ತಕವನ್ನು ತೆರೆದರೆ ಮೊದಲ ಪಾಠದಲ್ಲಿಯೇ ವಿಚಾರಣೆ ಆರಂಭವಾಗುತ್ತದೆ: ಈ ಪದ ನೌನೋ, ವರ್ಬೋ, ಅಡ್ಜೆಕ್ಟಿವೋ? ಮರಾಠಿ ವ್ಯಾಕರಣದವರಂತೂ ಮುಚ್ಚುಮರೆ ಮಾಡದೆ ಈ ಪಾಠಕ್ಕೆ 'ಶಬ್ದಾಂಚ್ಯಾ ಜಾತಿ', ಎಂದರೆ ಶಬ್ದಗಳ ಜಾತಿಗಳು, ಎಂದೇ ಹೆಸರಿಟ್ಟಿದ್ದಾರೆ.

ಕನ್ನಡದಲ್ಲಿ ಎಂ.ಎ. ಮಾಡಿ ಹಳಗನ್ನಡದ ಪಾಠ ಹೇಳಿಕೊಂಡಿರುವ ನನಗೂ ಇಂಗ್ಲಿಷ್ ಪದಗಳ ಈ ಕುಲಶೋಧನೆಗೂ ಎಲ್ಲಿಯ ನಂಟು ಎಂದು ಓದುಗರು ಕೇಳಬಹುದು. ನಂಟು ಒದಗಿದ್ದು ಹೀಗೆ. ಹಳಿಯಾಳದಲ್ಲಿ ನಾನು ಕೆಲಸ ಮಾಡುವ ಕಾಲೇಜಿನ ಇಂಗ್ಲಿಷ್ ಅಧ್ಯಾಪಿಕೆಯವರು ಬಾಣಂತನದ ರಜೆಯ ಮೇಲೆ ಹೋಗಿದ್ದರು. ಬದಲಿಯವರು ಬರುವವರೆಗೆ ಬಿ.ಎ. ಮೊದಲ ವರ್ಷದವರಿಗೆ ವಾರಕ್ಕೆ ಎರಡು ತಾಸು ವ್ಯಾಕರಣವನ್ನಾದರೂ ಹೇಳಿಕೊಡಬೇಕೆಂದು ಪ್ರಾಂಶುಪಾಲರು ನನ್ನನ್ನು ಕರೆಸಿ ಹೇಳಿದರು. 'ಕೇಶಿರಾಜನನ್ನು ಅರಗಿಸಿಕೊಂಡವರಿಗೆ ರೆನ್ ಅಂಡ್ ಮಾರ್ಟಿನ್ ಏನು ದೊಡ್ಡದು? ಯಾವ ಭಾಷೆಯದಾದರೇನು, ವ್ಯಾಕರಣ ವ್ಯಾಕರಣವೇ' ಎಂಬುದು ಅವರ ವಾದ. ಹಿರಿಯರ ಮಾತಿಗೆ ಎದುರಾಡುವುದು ಹೇಗೆ? ಒಪ್ಪಿಕೊಂಡೆ.

ನಮ್ಮ ವಿದ್ಯಾರ್ಥಿಗಳು ಎಂಥವರೆಂಬುದನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಹಳಿಯಾಳವೆಂದರೆ ಧಾರವಾಡದ ಬಯಲು ಮುಗಿದು ಕಾಡು ಮೊದಲಾಗುವ ಊರು. ಒಂದು ದಿಕ್ಕಿನಿಂದ ದಾಂಡೇಲಿಯ ಬಸ್ಸು ಬರುತ್ತದೆ. ಅಲ್ಲಿ ೧೯೫೫ರಲ್ಲಿ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆ ಸ್ಥಾಪನೆಯಾದ ಮೇಲೆ ದೇಶದ ನಾನಾ ಭಾಗಗಳ ಜನ ಬಂದು ನೆಲೆಸಿರುವುದರಿಂದ ಆ ಬಸ್ಸಿನೊಳಗೆ ಹಿಂದಿ, ಉರ್ದು, ತೆಲುಗು, ಮಲೆಯಾಳ ಎಲ್ಲವೂ ಒಂದೇ ಸೀಟಿನ ಮೇಲೆ ಕುಳಿತಿರುತ್ತವೆ. ಜೋಯಿಡಾದ ಕಡೆಯಿಂದ ಬರುವವರ ಮನೆಮಾತು ಬಹುಮಟ್ಟಿಗೆ ಕೊಂಕಣಿ. ಹಳಿಯಾಳದ ಹಳ್ಳಿಗಳಲ್ಲಿ ಮರಾಠಿಯೂ ಕನ್ನಡವೂ ಅಕ್ಕಪಕ್ಕದ ಮನೆಗಳಲ್ಲಿವೆ. ಸಿದ್ದಿ ಜನಾಂಗದ ಮಕ್ಕಳು ಮನೆಯಲ್ಲಿ ಆಡುವ ಕೊಂಕಣಿಯಲ್ಲಿ ಮರಾಠಿ ಕನ್ನಡಗಳೆರಡೂ ಬೆರೆತಿರುತ್ತವೆ. ಮುಂಡಗೋಡದಿಂದ ಬಂದು ಹಾಸ್ಟೆಲಿನಲ್ಲಿರುವವರ ಕಿವಿಗೆ, ಅಲ್ಲಿಯ ನಿರಾಶ್ರಿತರ ನೆರೆಯಿಂದಾಗಿ, ಟಿಬೆಟಿನ ಭಾಷೆಯ ಸದ್ದೂ ಪರಿಚಿತ. ಇಷ್ಟು ನುಡಿಗಳ ನಡುವೆ ಬೆಳೆದ ಈ ಮಕ್ಕಳು ಇಂಗ್ಲಿಷಿನ ಗಂಟೆ ಬಾರಿಸಿದೊಡನೆ ತಮಗೆ ಯಾವ ಭಾಷೆಯೂ ಬಾರದೆಂಬಂತೆ ಮುಖ ಇಳಿಬಿಟ್ಟು ಕುಳಿತಿರುತ್ತಿದ್ದರು.

ಮೊದಲ ದಿನ ನನ್ನ ಕೈಗೆ ಹಿಂದಿನ ಕಿರುಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಬಂದಿತು. ಪ್ರಶ್ನೆಯೊಂದು ಯಾವುದೋ ಗೈಡಿನಿಂದ ಇಳಿಸಿಕೊಂಡದ್ದು: ಹತ್ತು ಪದಗಳ ಪಟ್ಟಿ, ರೌಂಡ್, ವೆಲ್, ಫಾಸ್ಟ್, ವಾಟರ್, ಲೈಟ್ ಇತ್ಯಾದಿ. ಪ್ರತಿಯೊಂದರ ಮುಂದೆ ಅದು ಯಾವ ವರ್ಗದ ಪದವೆಂದು ಬರೆಯಬೇಕು. ಹೆಚ್ಚಿನವರು ಕಣ್ಣುಮುಚ್ಚಿ ನೌನ್, ನೌನ್ ಎಂದು ಬರೆದುಕೊಂಡು ಹೋಗಿದ್ದರು. ಒಬ್ಬಳು ಮಾತ್ರ ಹತ್ತಕ್ಕೆ ಹತ್ತನ್ನೂ ಖಾಲಿ ಬಿಟ್ಟಿದ್ದಳು. ಜೋಯಿಡಾದ ಆಚೆ ಕಾಡಿನೊಳಗಿನ ಹಳ್ಳಿಯ ಹುಡುಗಿ, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಒಂದರಲ್ಲಿಯೇ ನಪಾಸಾಗಿದ್ದಳು. ಕರೆದು ಕೇಳಿದೆ.

'ಯಾಕವಾ, ಒಂದನ್ನಾದರೂ ಬರೆಯಬಾರದಿತ್ತೆ?'

ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: 'ಸರ, ವೆಲ್ ಅಂದ್ರ ಬಾವಿ ಅಂತ ಸಾಲ್ಯಾಗ ಕಲಿಸ್ಯಾರ್ರಿ. ಬಾವಿ ಅಂದ್ರ ನಾಮಪದ. ಆದ್ರ ಐ ಆಮ್ ವೆಲ್ ಅಂದ್ರ ನಾ ಬಾವಿ ಅಂತ ಆಗಂಗಿಲ್ಲಲ್ರಿ. ಯಾವ ವೆಲ್ ಕೇಳ್ಯಾರ ಅಂತ ತಿಳೀಲಿಲ್ರಿ. ಅದಕ್ಕ ಬಿಟ್ಟೆ.'

ತರಗತಿ ಗೊಳ್ಳೆಂದು ನಕ್ಕಿತು. 'ನಾ ಬಾವಿ' ಎಂಬುದು ಆಮೇಲೆ ಎಷ್ಟೋ ದಿನ ಹುಡುಗರ ಬಾಯಲ್ಲಿ ಓಡಾಡಿತು. ನನಗೆ ಮಾತ್ರ ನಗು ಬರಲಿಲ್ಲ. ಆ ಪ್ರಶ್ನೆಯಲ್ಲಿದ್ದ ಕುಂದನ್ನು ಕಂಡವಳು ಅವಳೊಬ್ಬಳೇ. ವಾಕ್ಯವಿಲ್ಲದೆ ಪದವೊಂದನ್ನೇ ನಿಲ್ಲಿಸಿ ನೀನು ಯಾರೆಂದು ಕೇಳಿದರೆ ಅದು ಏನೆಂದು ಹೇಳೀತು? ಆದರೆ ಕುಂದನ್ನು ಕಂಡುದಕ್ಕೆ ಅವಳಿಗೆ ಸಿಕ್ಕಿದ್ದು ಸೊನ್ನೆ. ಅಂದು ಸಂಜೆ ಅವಳ ಗೆಳತಿ ಬಂದು ಉಳಿದ ಕತೆಯನ್ನು ಹೇಳಿದಳು. ಈ ಸಲವೂ ಇಂಗ್ಲಿಷಿನಲ್ಲಿ ಹೋದರೆ ಕಾಲೇಜು ಬಿಡಿಸುವುದೆಂದು ಮನೆಯಲ್ಲಿ ನಿಶ್ಚಯವಾಗಿದೆ. ಗೋವೆಯಲ್ಲಿ ಬಂಧುಗಳ ಪರಿಚಯದ ಒಂದು ಮನೆಯಲ್ಲಿ ಮಗು ನೋಡಿಕೊಳ್ಳುವ ಕೆಲಸವೂ ಗೊತ್ತಾಗಿದೆ. ನೌನು ವರ್ಬುಗಳ ಪಟ್ಟಿಯೊಂದು ಒಬ್ಬಳ ಬಾಳನ್ನು ಈ ಕಡೆಗೋ ಆ ಕಡೆಗೋ ತಿರುಗಿಸಬಲ್ಲುದೆಂದು ಅಂದಿನವರೆಗೆ ನಾನು ಯೋಚಿಸಿರಲಿಲ್ಲ.

ಅಂದಿನ ರಾತ್ರಿ ಪುಸ್ತಕಗಳನ್ನು ಹರಡಿಕೊಂಡು ಕುಳಿತೆ. ಈ ಎಂಟು ಜಾತಿಗಳು ಬಂದುದಾದರೂ ಎಲ್ಲಿಂದ? ಕ್ರಿಸ್ತನಿಗೆ ನೂರು ವರ್ಷಕ್ಕೂ ಹಿಂದೆ ಅಲೆಕ್ಸಾಂಡ್ರಿಯಾದ ವಿದ್ಯಾಪರಂಪರೆಗೆ ಸೇರಿದ ಡಯೊನೀಸಿಯಸ್ ಥ್ರಾಕ್ಸ್ ಎಂಬ ಪಂಡಿತನ ಹೆಸರಿನಲ್ಲಿರುವ ಗ್ರೀಕ್ ವ್ಯಾಕರಣದಲ್ಲಿ ಪದಗಳನ್ನು ಎಂಟು ಬಗೆಯಾಗಿ ವಿಂಗಡಿಸಿದೆ. ಅದನ್ನು ರೋಮಿನವರು ತಮ್ಮ ಲ್ಯಾಟಿನ್ನಿಗೆ ಒಯ್ದರು. ಗ್ರೀಕಿನಲ್ಲಿದ್ದ ಆರ್ಟಿಕಲ್ ಲ್ಯಾಟಿನ್ನಿನಲ್ಲಿ ಇಲ್ಲ. ಎಂಟರ ಲೆಕ್ಕ ತಪ್ಪಬಾರದೆಂದು ಅಯ್ಯೋ, ಆಹಾ ಎಂಬಂಥ ಉದ್ಗಾರಗಳನ್ನು ಪ್ರತ್ಯೇಕ ವರ್ಗವಾಗಿ ಎಣಿಸಿದರು. ಇಂಗ್ಲಿಷಿನವರು ಲ್ಯಾಟಿನ್ನಿನಿಂದ ಅದನ್ನು ಪಡೆದು, ಬಹುಕಾಲ ನಾಮಪದದೊಡನೆಯೇ ಇದ್ದ ಗುಣವಾಚಕವನ್ನು ಹದಿನೆಂಟನೆಯ ಶತಮಾನದ ಹೊತ್ತಿಗೆ ಬೇರೆ ಮನೆ ಮಾಡಿಸಿದರು. ಒಳಗಿನ ಒಕ್ಕಲುಗಳು ಬದಲಾದರೂ ಎಂಟೆಂಬ ಸಂಖ್ಯೆ ಅಲುಗಲಿಲ್ಲ.

ನಮ್ಮವರ ಲೆಕ್ಕವೇ ಬೇರೆ. ಯಾಸ್ಕನ ನಿರುಕ್ತದಲ್ಲಿ ನಾಮ, ಆಖ್ಯಾತ, ಉಪಸರ್ಗ, ನಿಪಾತ ಎಂದು ನಾಲ್ಕೇ. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಎಂಟು ಪ್ರಕರಣಗಳಿದ್ದರೂ ಪದಗಳು ಬಂದು ಸೇರುವ ದೊಡ್ಡ ಮನೆಗಳು ಮೂರು: ನಾಮ, ಆಖ್ಯಾತ, ಅವ್ಯಯ. ಇಂದಿಗೂ ಶಾಲೆಯ ಕನ್ನಡ ವ್ಯಾಕರಣದಲ್ಲಿ ಸರ್ವನಾಮವೂ ಗುಣವಾಚಕವೂ ನಾಮಪದದ ಮನೆಯ ಮಕ್ಕಳೇ. ಆದುದರಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗ 'ಗುಡ್' ಎಂಬುದನ್ನು ನೌನ್ ಎಂದು ಬರೆದರೆ ಅವನು ದಡ್ಡನೆಂದು ತಿಳಿಯಬಾರದು. ಒಂದು ಮನೆಯ ಕಾಯಿದೆಯನ್ನು ಇನ್ನೊಂದು ಮನೆಗೆ ಹಚ್ಚಿದ್ದಾನೆ, ಅಷ್ಟೆ.

ಮರುದಿನ ಕರಿಹಲಗೆಯ ಮೇಲೆ 'ಇನ್ ದ ಹೌಸ್' ಎಂದು ಬರೆದು, ಇದನ್ನು ನಿಮ್ಮ ನಿಮ್ಮ ಮನೆಯ ಮಾತಿನಲ್ಲಿ ಹೇಳಿರೆಂದೆ. ಕನ್ನಡದವರು 'ಮನೆಯಲ್ಲಿ' ಎಂದರು. ಕೊಂಕಣಿಯವರು 'ಘರಾಂತ' ಎಂದರು. ಮರಾಠಿಯವರು 'ಘರಾತ', ದಾಂಡೇಲಿಯ ಹುಡುಗ 'ಘರ್ ಮೇಂ', ಅವನ ಪಕ್ಕದಲ್ಲಿದ್ದ ತೆಲುಗು ಮನೆಯವನು 'ಇಂಟ್ಲೋ' ಎಂದರು. ಎಲ್ಲವನ್ನೂ ಒಂದರ ಕೆಳಗೊಂದು ಬರೆದು ನೋಡಿರೆಂದೆ. ನೋಡುತ್ತ ನೋಡುತ್ತ ಅವರಿಗೇ ಹೊಳೆಯಿತು: ತಮ್ಮೆಲ್ಲರ ಭಾಷೆಗಳಲ್ಲಿ ಮನೆ ಮುಂದೆ, 'ಅಲ್ಲಿ' ಎಂಬುದು ಹಿಂದೆ. ಟಿಬೆಟಿನ ಭಾಷೆಯಲ್ಲಿಯೂ ಇದೇ ಕ್ರಮ. ಇಂಗ್ಲಿಷಿನಲ್ಲಿ ಮಾತ್ರ 'ಅಲ್ಲಿ' ಎಂಬುದು ಮನೆಗಿಂತ ಮುಂದೆ ಬಂದು ಬಾಗಿಲಲ್ಲಿ ನಿಂತಿದೆ. ಮುಂದೆ ಬರುವುದರಿಂದಲೇ ಅದು ಪ್ರೆಪೊಸಿಷನ್. ನಾವು ಏಳು ವಿಭಕ್ತಿಗಳಲ್ಲಿ ಪ್ರತ್ಯಯವನ್ನು ಹಚ್ಚಿ ಮಾಡುವ ಕೆಲಸವನ್ನು ಅವರು ಪುಟ್ಟ ಪದಗಳನ್ನು ಮುಂದಿಟ್ಟು ಮಾಡುತ್ತಾರೆ. ಆ ಒಂದು ತಾಸಿನಲ್ಲಿ ಪ್ರೆಪೊಸಿಷನ್ ಎಂಬುದರ ಭೂತ ಬಿಟ್ಟಿತು.

ಇದಕ್ಕೆ ಕಾರಣವನ್ನೂ ಹೇಳಿದೆ. ಸಾವಿರ ವರ್ಷದ ಹಿಂದೆ ಇಂಗ್ಲಿಷಿಗೂ ನಮ್ಮಂತೆಯೇ ಪ್ರತ್ಯಯಗಳಿದ್ದವು. ಪ್ರೀತಿ ಎಂಬುದಕ್ಕೆ 'ಲುಫು', ಪ್ರೀತಿಸು ಎಂಬುದಕ್ಕೆ 'ಲುಫಿಯನ್' ಎನ್ನುತ್ತಿದ್ದರು. ಪದದ ಬಾಲವನ್ನು ನೋಡಿದರೆ ಅದರ ವರ್ಗ ತಿಳಿಯುತ್ತಿತ್ತು. ಕಾಲ ಕಳೆದಂತೆ ಬಾಲಗಳು ಸವೆದುಹೋಗಿ ಎರಡೂ 'ಲವ್' ಎಂದೇ ಉಳಿದುವು. ಬಾಲ ಹೋದ ಮೇಲೆ ಗುರುತಿಗೆ ಉಳಿದುದು ಪದ ನಿಂತ ಜಾಗ. ಕನ್ನಡದಲ್ಲಿ 'ರಾಮನು ಹುಲಿಯನ್ನು ಕಂಡನು' ಎಂದರೂ 'ಹುಲಿಯನ್ನು ರಾಮನು ಕಂಡನು' ಎಂದರೂ ಕಂಡವನು ರಾಮನೇ. ಇಂಗ್ಲಿಷಿನಲ್ಲಿ ರಾಮನನ್ನೂ ಹುಲಿಯನ್ನೂ ಅದಲುಬದಲು ಮಾಡಿದರೆ ಕಾಣುವವನೂ ಕಾಣಿಸಿಕೊಳ್ಳುವವನೂ ಬದಲಾಗಿಬಿಡುತ್ತಾರೆ. ನಮ್ಮ ಪದಗಳು ತಮ್ಮ ಗುರುತಿನ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತವೆ. ಇಂಗ್ಲಿಷಿನ ಪದಗಳನ್ನು ಅವು ಕುಳಿತ ಕುರ್ಚಿಯಿಂದ ಗುರುತಿಸಬೇಕು.

ಹೀಗೆ ಜಾಗವನ್ನು ನೋಡಲು ಕಲಿತ ಮೇಲೆ ಆ ಹತ್ತು ಪದಗಳ ಪಟ್ಟಿಯನ್ನೇ ಮತ್ತೆ ಕೈಗೆತ್ತಿಕೊಂಡೆವು. 'ಎ ಫಾಸ್ಟ್ ಬಸ್' ಎಂದಾಗ ಫಾಸ್ಟ್ ಎಂಬುದು ಬಸ್ಸಿನ ಗುಣವನ್ನು ಹೇಳುವ ವಿಶೇಷಣ. 'ರನ್ ಫಾಸ್ಟ್' ಎಂದಾಗ ಓಡುವ ಬಗೆಯನ್ನು ಹೇಳುವ ಕ್ರಿಯಾವಿಶೇಷಣ. ರಮಜಾನಿನಲ್ಲಿ 'ದೇ ಫಾಸ್ಟ್' ಎಂದರೆ ಉಪವಾಸ ಮಾಡುತ್ತಾರೆಂಬ ಕ್ರಿಯಾಪದ. 'ಎ ಫಾಸ್ಟ್' ಎಂದರೆ ಉಪವಾಸವೆಂಬ ನಾಮಪದ. ಲೈಟ್ ಎಂಬುದು ಬೆಳಕೂ ಹೌದು, ಹಗುರವೂ ಹೌದು, ಹೊತ್ತಿಸುವುದೂ ಹೌದು. ಊರಿನಲ್ಲಿ ಸಿಕ್ಕುವ ಪದಗಳನ್ನೇ ಹುಡುಗರು ಹುಡುಕಿ ತರತೊಡಗಿದರು. 'ಪೇಪರ್ ಮಿಲ್' ಎನ್ನುವಾಗ ಪೇಪರ್ ಎಂಬುದು ಹುಟ್ಟಿನಿಂದ ನಾಮಪದವಾದರೂ ಮಿಲ್ಲಿನ ಮುಂದೆ ನಿಂತು ವಿಶೇಷಣದ ಕೆಲಸ ಮಾಡುತ್ತಿದೆ ಎಂದು ದಾಂಡೇಲಿಯ ಹುಡುಗ ಹೇಳಿದ.

ಮುಂಡಗೋಡದವನು ತಂದ ಪದ 'ಕ್ಯಾಂಪ್'. ಕ್ಯಾಂಪ್ ಎಂದರೆ ಬೀಡುಬಿಡು ಎಂಬ ಕ್ರಿಯಾಪದ. ತಾತ್ಕಾಲಿಕ ಬೀಡು ಎಂಬ ನಾಮಪದ. ೧೯೬೬ರಲ್ಲಿ ಅಲ್ಲಿ ಟಿಬೆಟಿನ ನಿರಾಶ್ರಿತರ ನೆಲೆ ಆರಂಭವಾದಂದಿನಿಂದ ಅವರ ಹಳ್ಳಿಗಳಿಗೆ ಕ್ಯಾಂಪ್ ನಂಬರ್ ಒಂದು, ಎರಡು ಎಂದು ಹೆಸರುಗಳು. ಅರ್ಧ ಶತಮಾನ ಕಳೆದು, ವಿಹಾರಗಳು ಎದ್ದು, ಮಕ್ಕಳು ಮೊಮ್ಮಕ್ಕಳಾದ ಮೇಲೂ ಅದು ಕ್ಯಾಂಪೇ. ಆ ಪದ ಈಗ ಊರಿನ ಅಂಕಿತನಾಮವಾಗಿಬಿಟ್ಟಿದೆ.

ಜೋಯಿಡಾದ ಹುಡುಗಿ ತಂದದ್ದು 'ಡ್ಯಾಮ್'. ಕಾಳಿ ನದಿಗೆ ಸೂಪಾದಲ್ಲಿ ಅಣೆಕಟ್ಟು ಕಟ್ಟಿದಾಗ ಹಳೆಯ ಸೂಪಾ ಪಟ್ಟಣ ನೀರಿನ ಕೆಳಗೆ ಹೋಯಿತು. ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದುವು. 'ನಮ್ಮ ಅಜ್ಜ ಡ್ಯಾಮ್ ಕಟ್ಟೂದನ್ನ ನೋಡ್ಯಾನ್ರಿ. ನಾವು ನೋಡಿದ್ದು ಕಟ್ಟಿದ ಡ್ಯಾಮ್' ಎಂದಳು ಅವಳು. ಅಜ್ಜನಿಗೆ ಕ್ರಿಯಾಪದ, ಮೊಮ್ಮಗಳಿಗೆ ನಾಮಪದ. ಈ ಉದಾಹರಣೆ ಯಾವ ಗೈಡಿನಲ್ಲಿಯೂ ಸಿಕ್ಕಲಾರದು.

ಬಹಳ ಜನರನ್ನು ಕಾಡಿದ್ದು 'ಇಂಗ್' ಎಂದು ಕೊನೆಯಾಗುವ ಪದಗಳು. 'ರನ್ನಿಂಗ್ ವಾಟರ್', 'ರನ್ನಿಂಗ್ ಈಸ್ ಗುಡ್', 'ಹಿ ಕೇಮ್ ರನ್ನಿಂಗ್' ಈ ಮೂರರಲ್ಲಿಯೂ ಪದ ಒಂದೇ, ವೇಷ ಬೇರೆ. ಇಲ್ಲಿ ನೆರವಿಗೆ ಬಂದುದು ಎಲ್ಲರೂ ಒಣ ವಿಷಯವೆಂದು ಮರೆತಿದ್ದ ಕನ್ನಡದ ಕೃದಂತ ಪ್ರಕರಣ. ಹರಿಯುವ ನೀರು ಎಂಬಲ್ಲಿಯ 'ಹರಿಯುವ' ಕೃದಂತನಾಮ. ಓಡುವುದು ಒಳ್ಳೆಯದು ಎಂಬಲ್ಲಿಯ 'ಓಡುವುದು' ಕೃದಂತ ಭಾವನಾಮ. ಓಡುತ್ತ ಬಂದನು ಎಂಬಲ್ಲಿಯ 'ಓಡುತ್ತ' ಕೃದಂತಾವ್ಯಯ. ನಾವು ಮೂರು ಬಾಲಗಳಿಂದ ಬೇರೆ ಮಾಡುವುದನ್ನು ಇಂಗ್ಲಿಷು ಒಂದೇ 'ಇಂಗ್'ನಿಂದ ನಡೆಸುತ್ತದೆ. ದಾಂಡೇಲಿಗೆ ಜನ ಹುಡುಕಿಕೊಂಡು ಬರುವ 'ರಾಫ್ಟಿಂಗ್' ಈ ಮೂರರಲ್ಲಿ ಯಾವುದೆಂದು ಕೇಳಿದಾಗ ಇಡೀ ತರಗತಿ ಒಟ್ಟಿಗೆ 'ಭಾವನಾಮ' ಎಂದಿತು.

ಕೊನೆಯಲ್ಲಿ ಬಂದುದು ರೌಂಡ್. ಭೂಮಿ ರೌಂಡಾಗಿದೆ ಎಂದಾಗ ವಿಶೇಷಣ. ಕಾವಲುಗಾರ ಒಂದು ರೌಂಡ್ ಹಾಕಿದ ಎಂದಾಗ ನಾಮಪದ. 'ದ ಬಸ್ ರೌಂಡೆಡ್ ದ ಕಾರ್ನರ್' ಎಂದಾಗ ಕ್ರಿಯಾಪದ. 'ರೌಂಡ್ ದ ಟೆಂಪಲ್' ಎಂದಾಗ ಪ್ರೆಪೊಸಿಷನ್. 'ಹಿ ಟರ್ನ್ಡ್ ರೌಂಡ್' ಎಂದಾಗ ಕ್ರಿಯಾವಿಶೇಷಣ. ಐದು ಬೆರಳುಗಳನ್ನೂ ಮಡಿಸಿ ಎಣಿಸುತ್ತಿದ್ದಾಗ ಆ ಹುಡುಗಿ ಎದ್ದು ನಿಂತಳು.

'ಸರ, ಇದು ನಮ್ಮ ಸುತ್ತು ಇದ್ದಂಗ ಐತಲ್ರಿ! ಒಂದು ಸುತ್ತು, ಹಗ್ಗಾ ಸುತ್ತು, ಗುಡಿ ಸುತ್ತ, ಸುತ್ತುಗೋಡಿ...'

ಹಳಗನ್ನಡ ಓದಿದ ನನಗೂ ಆ ಜೋಡಿ ಅಷ್ಟು ಬೇಗ ಹೊಳೆದಿರಲಿಲ್ಲ. ಮನೆಮಾತು ಕೊಂಕಣಿಯಾದ ಹುಡುಗಿ, ಶಾಲೆಯಲ್ಲಿ ಕಲಿತ ಕನ್ನಡದಿಂದ ಇಂಗ್ಲಿಷಿನ ಗಂಟನ್ನು ಬಿಚ್ಚಿದ್ದಳು. ಹಿಂದಿನ ಬೆಂಚಿನಿಂದ ಒಬ್ಬ, 'ಅಂದ್ರ ಸರ, ಪದಕ್ಕ ಹುಟ್ಟಿದ ಜಾತಿ ಇಲ್ಲ. ಮಾಡೋ ಕೆಲಸಾನ ಜಾತಿ' ಎಂದ. ಆ ವಾರವಷ್ಟೇ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಎಲ್ಲರೂ ಜಾತಿಯ ಕಾಲಮು ತುಂಬಿದ್ದರು. ಮೊದಲು ನಕ್ಕರು, ಆಮೇಲೆ ತುಸು ಹೊತ್ತು ಯಾರೂ ಮಾತನಾಡಲಿಲ್ಲ.

ಈ ಮಾತನ್ನು ಎಲ್ಲ ಪದಗಳಿಗೂ ಹಚ್ಚಲಾಗದೆಂಬುದು ನಿಜ. 'ಅಂಡ್', 'ದ', 'ಷಿ' ಮೊದಲಾದವು ತಮ್ಮ ಜಾಗ ಬಿಟ್ಟು ಕದಲುವುದು ಅಪರೂಪ. ಕೆಲವು ಪದಗಳಿಗೆ ಇನ್ನೂ ಬಾಲ ಉಳಿದಿದೆ: ನೆಸ್, ಮೆಂಟ್, ಷನ್ ಎಂದು ಮುಗಿದರೆ ಬಹುತೇಕ ನಾಮಪದ, ಫುಲ್, ಲೆಸ್ ಎಂದು ಮುಗಿದರೆ ವಿಶೇಷಣ, 'ಲಿ' ಎಂದಾದರೆ ಸಾಮಾನ್ಯವಾಗಿ ಕ್ರಿಯಾವಿಶೇಷಣ, ಆದರೂ 'ಫ್ರೆಂಡ್ಲಿ' ಎಂಬುದು ವಿಶೇಷಣವೇ. ಸಂದೇಹ ಬಂದಾಗ ನಾವು ಮಾಡಿಕೊಂಡ ಪರೀಕ್ಷೆಗಳು ಸರಳ. ಮುಂದೆ 'ದ' ಅಥವಾ 'ಎ' ಇಟ್ಟು ಅಲ್ಲಿಗೇ ನಿಲ್ಲಿಸಬಹುದೆ? ನಾಮಪದವಿರಬೇಕು. ನಿನ್ನೆಗೆ ಹೊಂದುವಂತೆ ರೂಪ ಬದಲಾಗುತ್ತದೆಯೆ? ಕ್ರಿಯಾಪದ. ಎಂಥ ಎಂದು ಕೇಳಿದರೆ ಉತ್ತರವಾಗುತ್ತದೆಯೆ? ವಿಶೇಷಣ. ಹೇಗೆ, ಯಾವಾಗ, ಎಲ್ಲಿ ಎಂದರೆ ಕ್ರಿಯಾವಿಶೇಷಣ. ತನ್ನ ಹಿಂದೆ ಒಂದು ನಾಮಪದವನ್ನು ಬೇಡುತ್ತದೆಯೆ? ಪ್ರೆಪೊಸಿಷನ್.

ಇಂಗ್ಲಿಷ್ ಪದಗಳು ಕನ್ನಡಕ್ಕೆ ಬಂದಾಗ ನಾವು ಅವುಗಳಿಗೆ ಮಾಡುವ ಸಂಸ್ಕಾರವೂ ಕುತೂಹಲದ್ದೇ. ಬಸ್ಸು, ರೋಡು, ಕಾರು ಎಂದು ಉಕಾರವನ್ನು ತೊಡಿಸಿ ವಿಭಕ್ತಿ ಹಚ್ಚಿ ಮನೆಯವರನ್ನಾಗಿ ಮಾಡಿಕೊಳ್ಳುತ್ತೇವೆ. ಕ್ರಿಯಾಪದವನ್ನು ಮಾತ್ರ ನೇರವಾಗಿ ಒಳಕ್ಕೆ ಬಿಡುವುದಿಲ್ಲ. 'ಅಡ್ಜಸ್ಟ್' ಎಂಬುದು ಅವರಲ್ಲಿ ಕ್ರಿಯಾಪದ. ನಮ್ಮಲ್ಲಿ 'ಸ್ವಲ್ಪ ಅಡ್ಜಸ್ಟ್ ಮಾಡಿ'. ಕೆಲಸವನ್ನೆಲ್ಲ 'ಮಾಡು' ಎಂಬ ಮನೆಯಾಳೇ ಮಾಡಬೇಕು. ಇಲ್ಲವೆ 'ಆಗು' ಎಂಬುದು ಕೈಗೂಡಬೇಕು. ಪ್ರೀತಿಸು, ಭಾವಿಸು ಎಂದು ಸಂಸ್ಕೃತಕ್ಕೆ ಧಾರಾಳವಾಗಿ ಕೊಟ್ಟ 'ಇಸು' ಪ್ರತ್ಯಯವನ್ನು ಇಂಗ್ಲಿಷಿಗೆ ಕೊಡಲು ಕನ್ನಡ ಹಿಂಜರಿಯುತ್ತದೆ. 'ಫೋನಾಯಿಸಿದನು' ಎಂದು ಬರೆಯುವವರುಂಟು. ಓದುವಾಗ ತುಟಿಯಲ್ಲಿ ಸಣ್ಣ ನಗು ಬಾರದಿರದು.

ಸೆಮಿಸ್ಟರಿನ ಪರೀಕ್ಷೆ ಬಂದಿತು. ಪ್ರಶ್ನೆಪತ್ರಿಕೆಯಲ್ಲಿ ಈ ಸಲ ಪದಗಳನ್ನು ವಾಕ್ಯದೊಳಗಿಟ್ಟು ಅಡಿಗೆರೆ ಎಳೆದು ಕೇಳಿದ್ದರು. ಆ ಹುಡುಗಿ ಎರಡು ಸೆಮಿಸ್ಟರುಗಳ ಇಂಗ್ಲಿಷನ್ನೂ ಪಾಸು ಮಾಡಿಕೊಂಡಳು. ಅಂಕಗಳು ಎಲ್ಲರಿಗೂ ಹೇಳಿಕೊಳ್ಳುವಂಥವಲ್ಲ. ಕಾಲೇಜಿನಲ್ಲಿ ಉಳಿಯಲು ಸಾಕಾಗುವಷ್ಟು. ಫಲಿತಾಂಶ ಬಂದ ವಾರದಲ್ಲಿ ಅವಳ ತಂದೆ ಚೀಲದ ತುಂಬ ಗೆಡ್ಡೆಗೆಣಸು ಹೊತ್ತು ಕಾಲೇಜಿಗೆ ಬಂದಿದ್ದರು. ಕೊಂಕಣಿ ಬೆರೆತ ಕನ್ನಡದಲ್ಲಿ, 'ಇವಳಿಗೆ ಈಗ ಇಂಗ್ಲಿಷ್ ಬರ್ತದೋ?' ಎಂದು ಕೇಳಿದರು. ಇನ್ನೂ ಬರುವುದಿಲ್ಲ, ಆದರೆ ಹೆದರಿಕೆ ಹೋಗಿದೆ ಎಂದೆ. ಅವರು ಅದನ್ನು ತೂಗಿ ನೋಡುವವರಂತೆ ಸ್ವಲ್ಪ ಹೊತ್ತು ನಿಂತು, 'ಗೋವೆಯವರಿಗೆ ಬೇರೆ ಹುಡುಗಿ ಸಿಕ್ಕಳಂತೆ' ಎಂದರು. ಅವಳೀಗ ಎರಡನೆಯ ವರ್ಷದಲ್ಲಿದ್ದಾಳೆ. ಹಾಸ್ಟೆಲಿನ ಕಿರಿಯರಿಗೆ ಸಂಜೆ ವ್ಯಾಕರಣ ಹೇಳಿಕೊಡುತ್ತಾಳೆಂದು ಕೇಳಿದ್ದೇನೆ.

ಪಟ್ಟಣಗಳ ಮಕ್ಕಳಿಗೆ ಈ ಕಷ್ಟವಿಲ್ಲವೆಂದು ತಿಳಿಯಬೇಡಿ. ಹುಬ್ಬಳ್ಳಿಯಲ್ಲಿರುವ ನನ್ನ ಅಕ್ಕನ ಮಗ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಓದುತ್ತಾನೆ. ಮೊನ್ನೆ ಫೋನಿನಲ್ಲಿ, 'ಮಾಮಾ, ಹೋಮ್‌ವರ್ಕಿನಲ್ಲಿ ರೌಂಡ್ ಯಾವುದು ಅಂತ ಕೇಳಿದ್ದಾರೆ, ಬೇಗ ಹೇಳು' ಎಂದ. ವಾಕ್ಯ ಓದು ಎಂದೆ. ವಾಕ್ಯವನ್ನೇ ಕೊಟ್ಟಿಲ್ಲವೆಂದ. ಹಾಗಾದರೆ ನೀನೇ ಐದು ವಾಕ್ಯ ಬರೆದು ಐದು ಉತ್ತರ ಕೊಡು, ನಿಮ್ಮ ಟೀಚರು ಸಂತೋಷಪಡುತ್ತಾರೆ ಎಂದೆ. ಮೂರು ಬರೆದು ಆಟಕ್ಕೆ ಓಡಿಹೋದನೆಂದು ಅಕ್ಕ ಆಮೇಲೆ ಹೇಳಿದಳು.